ಕೇಳಿದ್ದು ಮತ್ತು ಊಹಿಸಿದ್ದು: ಎನಿಡ್ ಹೋರ್ಸ್‌ಫಾಲ್ ಅವರ ನಲವತ್ತು ವರ್ಷ

"ಆ ಒಂದು ಅಕ್ಷರದ ಕಥೆ ಬಿಟ್ಟುಬಿಡೋಣ, ಮಿಸ್ ಹೋರ್ಸ್‌ಫಾಲ್. ಇದು ಸನ್ಮಾನದ ಪುಸ್ತಕ, ತಪ್ಪೊಪ್ಪಿಗೆಯ ಪುಸ್ತಕ ಅಲ್ಲ."

ಹೀಗೆಂದವರು ಸ್ಕೆಲ್‌ವಿಕ್ ರೇಡಿಯೊ ವಿದ್ಯಾಲಯದ ಪ್ರಾಂಶುಪಾಲರಾದ ಶ್ರೀ ಡೆಂಜಿಲ್ ಹೋಲ್‌ರಾಯ್ಡ್ ಅವರು. ಎದುರಿಗೆ ಕೂತಿದ್ದ ಎನಿಡ್ ಹೋರ್ಸ್‌ಫಾಲ್ ಅವರು ಚಹಾದ ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟು ಉತ್ತರ ಕೊಟ್ಟರು:

"ಹಾಗಾದ್ರೆ ಪುಸ್ತಕಾನೇ ಬಿಟ್ಟುಬಿಡಿ. ಕಾಗದ ಆದ್ರೂ ಉಳಿಯುತ್ತೆ."

"ಅಯ್ಯೋ, ಅರವತ್ತು ಜನ ಬರೆದು ಕಳಿಸಿದಾರಲ್ಲ! ಅವರಿಗೇನು ಹೇಳ್ಲಿ?"

"ಅರವತ್ತು ಜನಾನೂ ಒಳ್ಳೇದನ್ನೇ ಬರೆದಿರ್ತಾರೆ, ಅದು ನನಗೆ ಗೊತ್ತು. ಒಬ್ಬರಾದ್ರೂ ಆಗಿದ್ದನ್ನ ಬರೀಲಿ. ಆದ್ರೆ ಒಂದು ಮಾತು, ಪ್ರಿನ್ಸಿಪಾಲ್ರೇ. ಅಚ್ಚಿಗೆ ಹೋಗೋ ಮುಂಚೆ ಜೆಸ್ಸಿಗೆ ನಾನೇ ಹೇಳ್ಬೇಕು. ಅವಳು ಪುಸ್ತಕದಲ್ಲಿ ಓದಿ ತಿಳ್ಕೋಬಾರದು."

ಜೆಸ್ಸಿ ಕ್ಯಾಮಿಶ್ ಎಂದರೆ ನಮ್ಮ ವಿದ್ಯಾಲಯದ ಕ್ಯಾಂಟೀನಿನ ಒಡತಿ. ಇಪ್ಪತ್ತೆರಡು ವರ್ಷಗಳಿಂದ ಎನಿಡ್ ಅವರಿಗೆ ಮಧ್ಯಾಹ್ನದ ಊಟ ಬಡಿಸುತ್ತ ಬಂದ ಕೈ ಅದು. ಮದುವೆಯಾಗದ, ಅಣ್ಣತಮ್ಮಂದಿರಿಲ್ಲದ ಎನಿಡ್ ಅವರಿಗೆ ಈ ಊರಿನಲ್ಲಿ ಮನೆಯವರು ಎಂದು ಯಾರಾದರೂ ಇದ್ದರೆ ಅದು ಜೆಸ್ಸಿಯೇ. ಆ ಒಂದು ಅಕ್ಷರದ ಕಥೆಯನ್ನು ಹೇಳಿದ ದಿನ ಆ ಒಬ್ಬಳನ್ನೂ ಕಳೆದುಕೊಳ್ಳಬೇಕಾದೀತೆಂಬ ಭಯ ಅವರನ್ನು ಐದು ವರ್ಷ ಬಾಯಿ ಕಟ್ಟಿ ಕೂರಿಸಿತ್ತು.

ರೇಡಿಯೊ ಶ್ರವಣವೆಂಬ ವಿದ್ಯೆಯಲ್ಲಿ ಎನಿಡ್ ಹೋರ್ಸ್‌ಫಾಲ್ ಅವರ ಸ್ಥಾನವೇನೆಂಬುದನ್ನು ಬಲ್ಲವರು ಬಲ್ಲರು. ಇಂಗ್ಲೆಂಡಿನ ಪೂರ್ವ ಕರಾವಳಿಯಿಂದ ಹೊರಡುವ ಹಡಗುಗಳಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರುವ ಅಧಿಕಾರಿಗಳ ಪೈಕಿ ಮೂವರಲ್ಲಿ ಒಬ್ಬರು ಅವರ ಶಿಷ್ಯರು. ಅವರ ಹೆಸರಿನಲ್ಲಿ ಪುಸ್ತಕವಿಲ್ಲ, ಪದಕವಿಲ್ಲ, ಪದವಿಯೂ ಇಲ್ಲ. ಇರುವುದು ಒಂದು ಕಿವಿ, ಒಂದು ಪೆನ್ಸಿಲು, ಮತ್ತು ತನಗೆ ಕೇಳದೇ ಇದ್ದದ್ದನ್ನು ಕೇಳಿತೆಂದು ಯಾವ ಕಾಲಕ್ಕೂ ಬರೆಯಕೂಡದೆಂಬ ಕಟ್ಟುನಿಟ್ಟು. ಈ ಕಟ್ಟುನಿಟ್ಟು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಎಲ್ಲಿಂದ ಬಂತೆಂಬುದನ್ನು ಹೇಳಿದರೆ ಮಾತ್ರ ಅವರನ್ನು ಅಭಿನಂದಿಸಿದಂತಾಗುತ್ತದೆ.

ಎನಿಡ್ ಅವರು ಹುಟ್ಟಿದ್ದು ೧೯೨೨ರಲ್ಲಿ, ಯಾರ್ಕ್‌ಶೈರಿನ ಉಣ್ಣೆಗಿರಣಿಗಳ ಊರಿನಲ್ಲಿ. ತಂದೆ ರೈಲು ನಿಲ್ದಾಣದ ತಂತಿ ಗುಮಾಸ್ತರು. ಮನೆಯಲ್ಲಿ ಊಟದ ಹೊತ್ತಿಗೆ ಮಾತಾಡಕೂಡದೆಂಬ ನಿಯಮವಿದ್ದುದರಿಂದ ಅಪ್ಪ ಮಗಳು ಚಮಚದಿಂದ ಮೇಜಿನಂಚಿಗೆ ಬಡಿದು ತಂತಿಯವರ ಚುಕ್ಕೆ ಗೆರೆಗಳ ಮೋರ್ಸ್ ಸಂಕೇತದಲ್ಲಿ ಹರಟುತ್ತಿದ್ದರಂತೆ. "ಅಮ್ಮನಿಗೆ ಅರ್ಥ ಆಗ್ತಿರಲಿಲ್ಲ ಅಂದ್ಕೊಂಡಿದ್ವಿ," ಎಂದು ಅವರು ಈಗಲೂ ನಗುತ್ತಾರೆ. "ಒಂದು ದಿನ ಪುಡಿಂಗ್ ಸೀದುಹೋಗಿದೆ ಅಂತ ಅಪ್ಪ ಬಡಿದ. ಅಮ್ಮ ತನ್ನ ಚಮಚ ಎತ್ತಿ, ಹಾಗಾದ್ರೆ ನಾಳೆ ನೀವೇ ಮಾಡಿ ಅಂತ ಬಡಿದುಬಿಟ್ಟಳು."

ಯುದ್ಧ ಶುರುವಾಗಿ ಎರಡು ವರ್ಷ ಕಳೆದ ಮೇಲೆ ಸೈನ್ಯದ ಮಹಿಳಾ ವಿಭಾಗಕ್ಕೆ ಸೇರಲು ಹೋದಾಗ, ಅಲ್ಲಿದ್ದ ಅಧಿಕಾರಿ ಅವರಿಗೆ ಮೋರ್ಸ್ ಬರುತ್ತದೆಂಬುದನ್ನು ಕೇಳಿ, ಬೇರೇನನ್ನೂ ಕೇಳದೆ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮಾಡುವ ಕೆಲಸದ ಬಗ್ಗೆ ತಾಯಿಗೂ ಹೇಳುವುದಿಲ್ಲ ಎಂಬುದೇ ಆ ಕಾಗದದ ಸಾರ. ಒಂದು ವಾರದಲ್ಲಿ ಅವರನ್ನು ಕಳಿಸಿದ್ದು ಇದೇ ಸ್ಕೆಲ್‌ವಿಕ್ ಬಂದರಿಗೆ. ಊರ ಮೇಲಿನ ಗುಡ್ಡದ ನೆತ್ತಿಯಲ್ಲಿ ಆರು ತಗಡಿನ ಕೊಠಡಿಗಳು, ನಾಲ್ಕು ಎತ್ತರದ ಕಂಬಗಳು, ಸುತ್ತ ಮುಳ್ಳುತಂತಿ. ಹವಾಮಾನ ಕಚೇರಿ ಎಂದು ಊರಿನವರಿಗೆ ಹೇಳಲಾಗಿತ್ತು. "ಅಷ್ಟೊಂದು ಹುಡುಗೀರು ಸೇರ್ಕೊಂಡು ನಾಳೆ ಮಳೆ ಬರುತ್ತೋ ಇಲ್ವೋ ಅಂತ ಒಂದ್ಸಲಾನೂ ಸರಿಯಾಗಿ ಹೇಳಲಿಲ್ಲವಲ್ರೇ," ಎಂದು ಮೀನು ಕೊಯ್ಯುವ ಹೆಂಗಸರು ಅವರನ್ನು ಕಾಡುತ್ತಿದ್ದರು.

ಅಲ್ಲಿ ನಡೆಯುತ್ತಿದ್ದದ್ದು ಸಮುದ್ರದಾಚೆಯ ಜರ್ಮನ್ ರೇಡಿಯೊ ನಿಲ್ದಾಣಗಳಿಗೆ ಕಿವಿ ಕೊಡುವ ಕೆಲಸ. ಬರುವುದೆಲ್ಲ ಗೂಢಲಿಪಿ. ನಾಲ್ಕು ನಾಲ್ಕು ಅಕ್ಷರಗಳ ಗುಂಪುಗಳು, ತಲೆಬುಡವಿಲ್ಲದವು. ಕೇಳಿದ ಅಕ್ಷರಗಳನ್ನು ಹಾಳೆಯ ಮೇಲೆ ಬರೆದುಕೊಡುವುದಷ್ಟೇ ಹುಡುಗಿಯರ ಪಾಲು. ಹಾಳೆಗಳನ್ನು ಮೋಟಾರ್ ಸೈಕಲ್ ಸವಾರನೊಬ್ಬ ಒಯ್ಯುತ್ತಿದ್ದ. ಅವಸರದ್ದು ಟೆಲಿಪ್ರಿಂಟರಿನಲ್ಲಿ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರು ಅದನ್ನು ಬಿಡಿಸುತ್ತಾರೆ, ಬಿಡಿಸಿದರೆ ಏನು ಸಿಗುತ್ತದೆ ಎಂಬುದು ಇವರಿಗೆ ಗೊತ್ತಿರಲಿಲ್ಲ, ಗೊತ್ತಾಗಲೂಬಾರದಿತ್ತು. "ಆ ಕಡೆಯವರು" ಎಂದಷ್ಟೇ ಹೇಳುತ್ತಿದ್ದರು.

ಅಲ್ಲಿನ ಮೇಲ್ವಿಚಾರಕಿ ಸಾರ್ಜೆಂಟ್ ಇಡಾ ಪಾಗ್ಸನ್ ಅವರನ್ನು ಈ ಸಂದರ್ಭದಲ್ಲಿ ನೆನೆಯದಿದ್ದರೆ ಎನಿಡ್ ಅವರು ಕ್ಷಮಿಸುವುದಿಲ್ಲ. ಗಿಡ್ಡ ಆಳು, ದಪ್ಪ ದನಿ. ಯುದ್ಧಕ್ಕೆ ಮುಂಚೆ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿದ್ದವರು. ಬಂದ ಮೊದಲ ದಿನವೇ ಪ್ರತಿ ಹುಡುಗಿಗೂ ಅವರು ಒಂದೇ ಪಾಠ ಹೇಳುತ್ತಿದ್ದರು.

"ಗುಡುಗು ಬಂದು ಒಂದಕ್ಷರ ನುಂಗ್ತು ಅನ್ನು. ಏನ್ ಮಾಡ್ತೀಯ?"

"ಅಕ್ಕಪಕ್ಕ ನೋಡ್ಕೊಂಡು..."

"ಅಕ್ಕನೂ ಇಲ್ಲ, ಪಕ್ಕನೂ ಇಲ್ಲ! ಖಾಲಿ ಬಿಡು. ಖಾಲಿ ಬಿಟ್ರೆ ಆ ಕಡೆಯವರು ಅದನ್ನ ಖಾಲಿ ಅಂತ ಓದ್ತಾರೆ. ನೀನು ಬರೆದ್ರೆ ದೇವರ ವಾಕ್ಯ ಅಂತ ಓದ್ತಾರೆ. ತಿಳೀತೇನೇ, ಹುಡುಗಿ?"

ದಿನವೂ ಒಂದೇ ನಿಲ್ದಾಣವನ್ನು ಕೇಳುತ್ತ ಕೂತವರಿಗೆ ಆಚೆ ಕಡೆ ಬಡಿಯುವವನ ಕೈ ಗುರುತಾಗಿಬಿಡುತ್ತದೆ. ನಡಿಗೆಯಲ್ಲಿ, ಕೆಮ್ಮಿನಲ್ಲಿ ಗುರುತು ಹಿಡಿಯುತ್ತೇವಲ್ಲ, ಹಾಗೆ. ಹುಡುಗಿಯರು ಅವರಿಗೆಲ್ಲ ಹೆಸರಿಟ್ಟಿದ್ದರು: ಒಬ್ಬ ಕುಂಟ, ಒಬ್ಬ ಹಲ್ಲುನೋವು, ಒಬ್ಬ ಮದುಮಗ. ಎನಿಡ್ ಅವರ ಪಾಲಿಗೆ ಬಂದವನು ಡಚ್ ಕರಾವಳಿಯ ಬಂದರೊಂದರಿಂದ ಪ್ರತಿದಿನ ಬೆಳಗಿನ ಆರಕ್ಕೆ ಬಡಿಯುತ್ತಿದ್ದ ಒಬ್ಬ. ನಿಧಾನ, ಗುಂಪು ಗುಂಪಿನ ಮಧ್ಯೆಯೂ ಭಾನುವಾರದ ಪ್ರವಚನದಂತೆ ತೂಕದ ವಿರಾಮ. ಅವನನ್ನು ಅವರು "ಪಾದ್ರಿ" ಎಂದು ಕರೆಯುತ್ತಿದ್ದರು. ಹದಿನಾಲ್ಕು ತಿಂಗಳು ಪಾದ್ರಿಯ ಹಾಳೆಗಳನ್ನು ಬರೆದರು. ಮೋಡ ಗುಡುಗಿದ ದಿನ ಹಾಳೆಯಲ್ಲಿ ಖಾಲಿಗಳು ಬೀಳುತ್ತಿದ್ದವು; ಅವರು ಬಿಟ್ಟ ಖಾಲಿ ಖಾಲಿಯೇ, ಬರೆದ ಅಕ್ಷರ ಅಕ್ಷರವೇ ಎಂಬ ಹೆಸರು ಆ ಕಡೆಯವರಲ್ಲೂ ಹಬ್ಬಿತ್ತು. ಆ ಹೆಸರೇ ಮುಂದೆ ಮುಳುವಾಯಿತು.

೧೯೪೩ರ ಫೆಬ್ರವರಿ ಒಂಬತ್ತು, ಮಂಗಳವಾರ. ಬೆಳಗಿನ ಆರೂ ಹತ್ತು. ಹತ್ತೊಂಬತ್ತನೆಯ ಗುಂಪಿನ ಮೂರನೆಯ ಅಕ್ಷರ ಬರುವ ಹೊತ್ತಿಗೆ ಸರಿಯಾಗಿ ಕಿವಿಯಲ್ಲಿ ಒಂದು ಚಟಪಟ. ಚಟಪಟದ ಉದ್ದ ಎಷ್ಟಿತ್ತೆಂದರೆ, ಪಾದ್ರಿಯ ನಿಧಾನದ ಲೆಕ್ಕದಲ್ಲಿ ಅದರೊಳಗೆ ಒಂದೇ ಒಂದು ಚುಕ್ಕೆ, ಅಂದರೆ ಒಂದು ಗಿಡ್ಡ ಸದ್ದು, ಹಿಡಿಸಬಹುದು, ಅದಕ್ಕಿಂತ ಉದ್ದನೆಯದು ಹಿಡಿಸದು. ಒಂದೇ ಚುಕ್ಕೆಯ ಇಂಗ್ಲಿಷ್ ಅಕ್ಷರ ಮೋರ್ಸ್‌ನಲ್ಲಿ ಒಂದೇ: ‘ಇ’. ಎನಿಡ್ ಅವರ ಪೆನ್ಸಿಲು ಯೋಚಿಸಲಿಲ್ಲ. ‘ಇ’ ಎಂದು ಬರೆಯಿತು, ಮುಂದಕ್ಕೆ ಹೋಯಿತು. ಹೊಸಬಳಾಗಿದ್ದರೆ ಖಾಲಿ ಬಿಡುತ್ತಿದ್ದಳು. ಹದಿನಾಲ್ಕು ತಿಂಗಳು ಒಬ್ಬನ ಕೈಯನ್ನು ಕೇಳಿದವಳು ಮಾತ್ರ ಮಾಡಬಹುದಾದ ತಪ್ಪು ಅದು.

ಸಂಜೆ ಐದಕ್ಕೆ ಅವರು ಊಟದ ಕೊಠಡಿಯಲ್ಲಿ ಹುರಿದ ಮಾಂಸದ ಕೊಬ್ಬು ಸವರಿದ ಬ್ರೆಡ್ಡು ತಿನ್ನುತ್ತಿದ್ದಾಗ ಸಾರ್ಜೆಂಟ್ ಪಾಗ್ಸನ್ ಕರೆದರು. ಕೈಯಲ್ಲಿ ಟೆಲಿಪ್ರಿಂಟರಿನ ಚೀಟಿ. ಆ ಕಡೆಯವರು ಅಲ್ಲಿಯವರೆಗೂ ಎಂದೂ ಹೀಗೆ ಪ್ರಶ್ನೆ ಕೇಳಿದ್ದಿಲ್ಲ. ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಆರೂ ಹತ್ತರ ಸಂದೇಶ, ಹತ್ತೊಂಬತ್ತನೆಯ ಗುಂಪು, ಮೂರನೆಯ ಅಕ್ಷರ, ಕೇಳಿದ್ದೋ, ಊಹಿಸಿದ್ದೋ?

ಪಕ್ಕದಲ್ಲಿದ್ದ ಗೆಳತಿ ಮೇವಿಸ್ ಪಿಸುಗುಟ್ಟಿದಳು: "ಕೇಳಿದ್ದು ಅನ್ನೇ. ಊಹಿಸಿದ್ದು ಅಂದ್ರೆ ನಿನ್ನನ್ನ ರೇಡಿಯೊ ಸೆಟ್ಟಿನ ಮುಂದೆ ಮತ್ತೆ ಕೂರಿಸಲ್ಲ ಕಣೇ. ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಆ ಕೆಲಸದ ಸಂಕಟ. ಕೇಳಿದ ಸದ್ದು ಗಾಳಿಯಲ್ಲಿ ಹೋಯಿತು. ಉಳಿದದ್ದು ಹಾಳೆ, ಹಾಳೆಗೆ ಸಾಕ್ಷಿ ಅವರೊಬ್ಬರೇ. ಇಪ್ಪತ್ತೊಂದರ ಹುಡುಗಿಗೆ ಆ ಹೆಡ್‌ಫೋನ್ ಬಿಟ್ಟರೆ ಯುದ್ಧದಲ್ಲಿ ಹೆಮ್ಮೆಪಡುವಂಥದ್ದು ಬೇರೇನೂ ಇರಲಿಲ್ಲ. ಬಾಯಲ್ಲಿದ್ದ ಬ್ರೆಡ್ಡನ್ನು ನುಂಗುವಷ್ಟು ಹೊತ್ತು ಹಿಡಿಯಿತು, ಅಷ್ಟೇ.

"ಊಹಿಸಿದ್ದು, ಸಾರ್ಜೆಂಟ್."

"ಯಾಕೆ?"

"ಅವನು ನನಗೆ ಗೊತ್ತು ಅಂದ್ಕೊಂಡೆ."

ಪಾಗ್ಸನ್ ಅವರು ಬೈಯಲಿಲ್ಲ. ಟೆಲಿಪ್ರಿಂಟರಿನ ಕಡೆ ಓಡಿದರು. ಅವರು ಓಡಿದ್ದನ್ನು ಎನಿಡ್ ಅವರು ನೋಡಿದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಎನಿಡ್ ಅವರನ್ನು ಸೆಟ್ಟಿನಿಂದ ತೆಗೆದು ಒಲೆಗಳಿಗೆ ಕಲ್ಲಿದ್ದಲು ತುಂಬುವ, ಕೊಠಡಿಗಳ ನೆಲ ಉಜ್ಜುವ ಕೆಲಸಕ್ಕೆ ಹಾಕಲಾಯಿತು. ಅದೇ ದಿನ ಕೆಳಗಿನ ಊರಿನಲ್ಲಿ ಅಂಗಡಿಗಳು ಅರ್ಧ ಕದ ಹಾಕಿದ್ದವು. ಹಿಂದಿನ ಸಂಜೆ ಏಳಕ್ಕೆ ಬಂದರು ಬಿಟ್ಟ ‘ಎಲಿನಾರ್ ಡೇ’ ಎಂಬ ಹಡಗು, ಹಿಂದೆ ಮೀನು ಹಿಡಿಯುತ್ತಿದ್ದದ್ದು, ಈಗ ಶತ್ರು ಸಮುದ್ರದಲ್ಲಿ ಬಿಟ್ಟ ಸಿಡಿಗುಂಡುಗಳನ್ನು ಗುಡಿಸಿ ದಾರಿ ತೆರವು ಮಾಡುವ ಕೆಲಸಕ್ಕೆ ಹಾಕಿದ್ದು, ರಾತ್ರಿ ಒಂಬತ್ತಕ್ಕೆ ಮುಂಚೆಯೇ ಅಂಥದೊಂದಕ್ಕೆ ಬಡಿದು, ಸಿಡಿದು ಮುಳುಗಿತ್ತು. ಹೋದವರು ಹನ್ನೊಂದು ಜನ; ಅವರ ಹೆಸರುಗಳನ್ನು ಈ ಸಂಪುಟದ ಮೊದಲ ಪುಟದಲ್ಲಿ ಕೊಟ್ಟಿದೆ. ಎಲ್ಲರೂ ಈ ಊರಿನವರೇ. ಮುಂದಿನ ಭಾನುವಾರ ಗುಡ್ಡದ ಹುಡುಗಿಯರೆಲ್ಲ ಸಮವಸ್ತ್ರದಲ್ಲಿ ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತರು. ಮುಂದಿನ ಸಾಲಿನಲ್ಲಿ ತಾಯಿಯ ಪಕ್ಕ ಕೂತಿದ್ದ ಒಂಬತ್ತು ವರ್ಷದ ಹುಡುಗಿ ಹಡಗಿನ ಯಂತ್ರ ನೋಡಿಕೊಳ್ಳುತ್ತಿದ್ದ ರೂಬೆನ್ ಕ್ಯಾಮಿಶ್ ಅವರ ಮಗಳು ಜೆಸ್ಸಿ. ಎನಿಡ್ ಅವರು ಎಲ್ಲರಂತೆ ಅತ್ತರು. ತನ್ನ ಪೆನ್ಸಿಲಿಗೂ ಆ ಚರ್ಚಿಗೂ ಏನಾದರೂ ಸಂಬಂಧವಿರಬಹುದೆಂದು ಅವರ ಮನಸ್ಸಿಗೆ ಹೊಳೆಯಲಿಲ್ಲ. ಹೊಳೆಯುವಂಥ ಒಂದು ಮಾತನ್ನೂ ಅವರಿಗೆ ಯಾರೂ ಹೇಳಿರಲಿಲ್ಲ.

ಏಳು ವಾರ ಅವರು ನೆಲ ಉಜ್ಜಿದರು. ಆ ಏಳು ವಾರವೂ ಸಾರ್ಜೆಂಟ್ ಪಾಗ್ಸನ್ ತಮ್ಮ ಚಹಾದ ಹೊತ್ತಿನಲ್ಲಿ ಬಂದು, ಕಲ್ಲಿದ್ದಲ ಕೋಣೆಯ ಗೋಡೆಗೆ ಕೀಲಿಕೈಯಿಂದ ಮೋರ್ಸ್ ಬಡಿದು ಅವರ ಕೈಲಿ ಬರೆಸುತ್ತಿದ್ದರು. "ಕಿವಿಗೆ ತುಕ್ಕು ಹಿಡಿದ್ರೆ ನನಗೆ ನಷ್ಟ, ನಿನಗಲ್ಲ," ಎನ್ನುತ್ತಿದ್ದರಂತೆ. ಎಂಟನೆಯ ವಾರ ಮತ್ತೆ ಸೆಟ್ಟಿನ ಮುಂದೆ ಕೂರಿಸಿದರು. ಯಾಕೆ ಎಂದು ಮೇಲಿನವರು ಕೇಳಿದ್ದಕ್ಕೆ, "ಕೇಳಿದಾಗ ನಿಜ ಹೇಳಿದ ಹುಡುಗಿ ನನ್ನ ಹತ್ರ ಒಬ್ಬಳೇ ಇರೋದು," ಎಂದು ಬರೆದುಕೊಟ್ಟರೆಂಬುದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಪಾದ್ರಿ ೧೯೪೫ರ ಮೇ ತಿಂಗಳವರೆಗೂ ಬಡಿದ. ಕೊನೆಯ ದಿನ ಗೂಢಲಿಪಿ ಇರಲಿಲ್ಲ. ಕೇಳುತ್ತಿರುವವರೆಲ್ಲರಿಗೂ ವಿದಾಯ ಎಂದು ಸಾದಾ ಭಾಷೆಯಲ್ಲಿ ಹೇಳಿ ನಿಂತುಹೋದ. ಎನಿಡ್ ಅವರು ಅದನ್ನೂ ಬರೆದುಕೊಂಡರು.

ಯುದ್ಧ ಮುಗಿದ ಮೇಲೆ ಗುಡ್ಡದ ಕಂಬಗಳನ್ನು ಇಳಿಸಿದರು. ಹುಡುಗಿಯರು ಊರೂರಿಗೆ ಚೆದುರಿದರು. ಎನಿಡ್ ಅವರು ಇಲ್ಲೇ ಉಳಿದರು. ಮೊದಲು ಹಡಗುಗಳ ಕರೆ ಕೇಳುವ ಕರಾವಳಿ ರೇಡಿಯೊ ಕೇಂದ್ರದಲ್ಲಿ, ಆಮೇಲೆ ೧೯೫೪ರಿಂದ ನಮ್ಮ ವಿದ್ಯಾಲಯದಲ್ಲಿ. ಯುದ್ಧದಲ್ಲಿ ಏನು ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ "ಹವಾಮಾನ" ಎನ್ನುತ್ತಿದ್ದರು.

ಅವರ ಔದಾರ್ಯವನ್ನು ನೆನೆಯುವ ಲೇಖನಗಳು ಈ ಸಂಪುಟದಲ್ಲಿ ಸಾಕಷ್ಟಿವೆ. ಆದರೂ ಎರಡನ್ನು ಇಲ್ಲಿ ಹೇಳದಿರಲಾಗದು. ಎಡಗಿವಿ ಕೇಳದ ಒಬ್ಬ ಅಭ್ಯರ್ಥಿಯನ್ನು ವೈದ್ಯರು ತಿರಸ್ಕರಿಸಿದಾಗ, ಎನಿಡ್ ಅವರು ಆತನನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ವೈದ್ಯರ ಮನೆಗೇ ಹೋಗಿ, ಅವರ ಊಟದ ಮೇಜಿನ ಮೇಲೆ ರೇಡಿಯೊ ಇಟ್ಟು, ಬಲಗಿವಿಯೊಂದರಿಂದಲೇ ಆತ ಒಂದು ಗಂಟೆ ತಪ್ಪಿಲ್ಲದೆ ಬರೆಯುವುದನ್ನು ತೋರಿಸಿ, ಸಹಿ ಹಾಕಿಸಿಕೊಂಡೇ ಎದ್ದರು. ವೈದ್ಯರ ಊಟ ತಣ್ಣಗಾಗಿತ್ತು. ಇನ್ನೊಂದು, ೧೯೭೧ರದ್ದು. ಈ ತರಬೇತಿಗೆ ಸೇರಿದ ಮೊದಲ ಹುಡುಗಿ ಪರೀಕ್ಷೆಯ ಹಾಳೆಯಲ್ಲಿ ಒಂಬತ್ತು ಕಡೆ ಖಾಲಿ ಬಿಟ್ಟಳೆಂದು ಹೊರಗಿನಿಂದ ಬಂದ ಪರೀಕ್ಷಕರು ಅನುತ್ತೀರ್ಣ ಎಂದರು. ಪಕ್ಕದಲ್ಲಿದ್ದವನ ಹಾಳೆ ತುಂಬಿತ್ತು, ಆದರೆ ಅದರಲ್ಲಿ ಒಂಬತ್ತು ತಪ್ಪು ಅಕ್ಷರ; ಅವನು ಉತ್ತೀರ್ಣ.

"ಇವನು ಒಂಬತ್ತು ಸುಳ್ಳು ಬರೆದಿದಾನೆ, ಪಾಸು," ಎಂದರು ಎನಿಡ್. "ಇವಳು ಕೇಳದೇ ಇದ್ದದ್ದನ್ನ ಕೇಳಲಿಲ್ಲ ಅಂದಿದಾಳೆ, ಫೇಲು. ಹಡಗಿನಲ್ಲಿ ನೀವು ಯಾರ ಜೊತೆ ಹೋಗ್ತೀರಿ, ಸಾರ್?"

ಪರೀಕ್ಷಕರು ಕನ್ನಡಕ ಒರೆಸಿಕೊಂಡು ಎರಡೂ ಹಾಳೆಗಳನ್ನು ಮತ್ತೆ ನೋಡಿದರು. ಆ ಹುಡುಗಿ ಈಗ ಉತ್ತರ ಸಮುದ್ರದ ಎಣ್ಣೆ ಬಾವಿಗಳ ನಡುವೆ ರೇಡಿಯೊ ಅಧಿಕಾರಿಯಾಗಿದ್ದಾರೆ.

ಕಾಲ ಕಳೆದು, ಆ ಕಾಗದದ ಸಹಿಗಳ ಬಿಗಿ ಸಡಿಲವಾಯಿತು. ಅಂದಿನ ಕೆಲಸದ ಬಗ್ಗೆ ಮಾತಾಡಬಹುದೆಂದಾಯಿತು. ೧೯೭೭ರ ವಸಂತದಲ್ಲಿ ಎನಿಡ್ ಅವರಿಗೆ ಒಂದು ಪತ್ರ ಬಂತು. ಬರೆದವರು ಲಯೊನೆಲ್ ಟ್ರೆಹರ್ನ್, ನಿವೃತ್ತ ಗಣಿತದ ಮೇಷ್ಟರು. ಹಾಳೆಗಳು ಹೋಗಿ ಸೇರುತ್ತಿದ್ದ ದಕ್ಷಿಣದ ದೊಡ್ಡ ಮನೆಯಲ್ಲಿ ಗೂಢಲಿಪಿ ಬಿಡಿಸುತ್ತಿದ್ದವರಲ್ಲಿ ಒಬ್ಬರು. ಪಾದ್ರಿಯ ಹಾಳೆಗಳನ್ನು ಬರೆಯುತ್ತಿದ್ದ ಕೈ ಯಾರದೆಂದು ಅವರು ವರ್ಷಗಟ್ಟಲೆ ಹುಡುಕಿದ್ದರು. ಇಬ್ಬರೂ ಯಾರ್ಕ್ ರೈಲು ನಿಲ್ದಾಣದ ಚಹಾದಂಗಡಿಯಲ್ಲಿ ಕಂಡರು. ಎನಿಡ್ ಅವರೇ ಇಬ್ಬರಿಗೂ ಚಹಾ ಸುರಿದರು.

ಅಂದು ಏನಾಗಿತ್ತೆಂಬುದು ಅವರಿಗೆ ತಿಳಿದದ್ದು ಆಗ. ಶತ್ರುವಿನ ಗೂಢಲಿಪಿ ಯಂತ್ರಕ್ಕೆ ಒಂದು ದೌರ್ಬಲ್ಯವಿತ್ತು: ಯಾವ ಅಕ್ಷರವನ್ನೂ ಅದು ಅದೇ ಅಕ್ಷರವಾಗಿ ಹೊರಗೆ ಹಾಕುತ್ತಿರಲಿಲ್ಲ. ಪಾದ್ರಿ ಪ್ರತಿದಿನ ಬೆಳಿಗ್ಗೆ ಕಳಿಸುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ವರದಿ. ಆದ್ದರಿಂದ ಆ ವರದಿಯ ಮಾತುಗಳನ್ನು ಹಾಳೆಯ ಅಕ್ಷರಗಳ ಕೆಳಗೆ ಜೋಡಿಸಿ, ಎಲ್ಲೂ ಒಂದೇ ಅಕ್ಷರ ಮೇಲೆ ಕೆಳಗೆ ಬೀಳದಿದ್ದರೆ, ಅಲ್ಲಿಂದ ಆ ದಿನದ ಗೂಢಲಿಪಿಯ ಬೀಗದ ಕೈ ಸಿಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ದಿನದ ಎಲ್ಲ ಸಂದೇಶಗಳೂ ಓದಲು ಬರುತ್ತಿದ್ದವು. ಅಂದು ಜೋಡಿಸಿದಾಗ ಎನಿಡ್ ಅವರು ಬರೆದ ‘ಇ’ಯ ಕೆಳಗೆ ಇನ್ನೊಂದು ‘ಇ’ ಬಂತು. ಈ ಜೋಡಣೆ ಸುಳ್ಳೆಂದು ತೀರ್ಮಾನಿಸಿ ತೆಗೆದುಹಾಕಿದರು. ನಿಜಕ್ಕೂ ಸರಿಯಾದ ಜೋಡಣೆ ಅದೇ ಆಗಿತ್ತು. ಪಾದ್ರಿ ಅಂದು ಎಂದಿಗಿಂತ ಅವಸರದಲ್ಲಿದ್ದ. ಚಟಪಟದ ಒಳಗೆ ಅಡಗಿದ್ದದ್ದು ಚುಕ್ಕೆಯಲ್ಲ, ಬೇಗ ಬಡಿದ ಗೆರೆ, ಅಂದರೆ ಉದ್ದ ಸದ್ದು; ಅದು ಬೇರೆಯೇ ಅಕ್ಷರ.

"ಸಂಜೆವರೆಗೂ ನಾನು ಬೇರೆ ಬೇರೆ ಜೋಡಿಸಿ ಸಾಯ್ತಾ ಇದ್ದೆ," ಎಂದರು ಟ್ರೆಹರ್ನ್. "ಬೆಳಿಗ್ಗೆಯೇ ಕೇಳಬಹುದಿತ್ತು. ಬೇರೆ ಯಾರ ಹಾಳೆ ಆಗಿದ್ರೂ ಕೇಳ್ತಿದ್ದೆ. ನಿಮ್ಮದು ಅಂತ ಕೇಳಲಿಲ್ಲ. ನೀವು ಊಹಿಸೋರಲ್ಲ ಅಂತ ಇಡೀ ಮನೆಗೇ ಗೊತ್ತಿತ್ತಲ್ಲ."

"ಆಮೇಲೆ?"

"ನಿಮ್ಮ ಉತ್ತರ ಬಂತು. ರಾತ್ರಿ ಒಂಬತ್ತಕ್ಕೆ ಓದಿದ್ವಿ."

"ಏನಿತ್ತು?"

ಟ್ರೆಹರ್ನ್ ಕಿಟಕಿಯ ಕಡೆ ನೋಡಿದರು. "ಆ ಸಂಜೆ ಅವರ ವೇಗದ ದೋಣಿಗಳು ಬಂದು ನಮ್ಮ ಹಡಗುದಾರೀಲಿ ಸಿಡಿಗುಂಡು ಬಿಡ್ತಾವೆ ಅಂತ. ಜಾಗ ಸಮೇತ ಇತ್ತು. ಸ್ಕೆಲ್‌ವಿಕ್‌ನಿಂದ ನಾಲ್ಕು ಮೈಲಿ."

ಎನಿಡ್ ಅವರು ದಿನಾಂಕವನ್ನೂ ಹಡಗಿನ ಹೆಸರನ್ನೂ ತಾವೇ ಹೇಳಿದರು. ಟ್ರೆಹರ್ನ್ ಅವರಿಗೆ ಹಡಗಿನ ಹೆಸರು ಗೊತ್ತಿರಲಿಲ್ಲ. ಎನಿಡ್ ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೇಳಿದರು:

"ಮಧ್ಯಾಹ್ನ ಓದಿದ್ರೆ ಅದು ಹೊರಡ್ತಿರಲಿಲ್ಲ ಅಲ್ವಾ?"

"ಹೊರಡ್ತಿರಲಿಲ್ಲ ಅಂತಾನೂ ಹೇಳಲಾರೆ, ಹೊರಡ್ತಿತ್ತು ಅಂತಾನೂ ಹೇಳಲಾರೆ. ಎಚ್ಚರಿಕೆ ಎಷ್ಟೋ ಸಲ ತಲುಪ್ತಿರಲಿಲ್ಲ, ತಲುಪಿದ್ರೂ ಹಡಗು ಕಳಿಸ್ತಿದ್ರು. ನಿಮಗೆ ಸಮಾಧಾನ ಆಗೋ ಹಾಗೆ ಏನಾದ್ರೂ ಹೇಳ್ಬೇಕು ಅನ್ಸುತ್ತೆ, ಮಿಸ್ ಹೋರ್ಸ್‌ಫಾಲ್. ಆದ್ರೆ ನಿಮ್ಮ ಮುಂದೆ ಕೂತು ಊಹಿಸೋಕೆ ನನಗೆ ನಾಚಿಕೆ."

ಅಂದು ಅವರು ರೈಲಿನಲ್ಲಿ ಮರಳಿ ಬಂದು, ಮರುದಿನ ಮಧ್ಯಾಹ್ನ ಎಂದಿನಂತೆ ಕ್ಯಾಂಟೀನಿಗೆ ಹೋದರು. ಜೆಸ್ಸಿ ಎಂದಿನಂತೆ ಬಡಿಸಿದರು. ಇಂದು ಹೇಳುತ್ತೇನೆ ಎಂದು ಹೋಗಿ, ಹೇಳದೆ ಬಂದ ದಿನಗಳೇ ಐದು ವರ್ಷವಾದವು. ಪ್ರತಿ ಭಾನುವಾರ ಜೆಸ್ಸಿಯ ಮನೆಯಲ್ಲಿ ಆಕೆಯ ವೃದ್ಧ ತಾಯಿಯ ಜೊತೆ ಇಸ್ಪೀಟು ಆಡುತ್ತಿದ್ದರು. ಆ ತಾಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರಿಗೂ ಹೇಳಲಿಲ್ಲ. ವಿದ್ಯಾಲಯದವರು ಅಭಿನಂದನ ಸಂಪುಟದ ಮಾತೆತ್ತಿದಾಗ, ತಮ್ಮ ಪ್ರಾಮಾಣಿಕತೆಯ ಬಗ್ಗೆ ಅರವತ್ತು ಜನ ಬರೆಯುತ್ತಾರೆಂದು ತಿಳಿದಾಗ, ಇನ್ನು ಬಾಯಿ ಮುಚ್ಚಿಕೊಂಡಿರುವುದು ಸಾಧ್ಯವಿಲ್ಲ ಎನಿಸಿತೆಂದು ಅವರೇ ಹೇಳಿದ್ದಾರೆ.

ಹಾರೈಕೆಯ ಮಾತು ಲೇಖನದ ಕಡೆಯಲ್ಲಿ ಬರಬೇಕೆಂಬುದು ರೂಢಿ. ಇಲ್ಲಿ ಅದನ್ನು ಒಂದು ಹೆಜ್ಜೆ ಮುಂಚೆಯೇ ಹೇಳಿಬಿಡುವುದು ಲೇಸು. ಎನಿಡ್ ಹೋರ್ಸ್‌ಫಾಲ್ ಅವರಿಗೆ ಅರವತ್ತು ತುಂಬಿತು; ವಿದ್ಯಾಲಯದಿಂದ ನಿವೃತ್ತರಾಗುತ್ತಿದ್ದಾರೆ. ಜೀವರಕ್ಷಕ ದೋಣಿಯ ಸ್ವಯಂಸೇವಕರಿಗೆ ಶನಿವಾರಗಳಂದು ರೇಡಿಯೊ ಪಾಠ ಹೇಳಲು ಅವರು ಈಗಾಗಲೇ ಒಪ್ಪಿದ್ದಾರೆ. ಅವರ ಕಿವಿ ಇನ್ನೂ ಬಹುಕಾಲ ಚುರುಕಾಗಿರಲಿ. ಗುಡ್ಡ ಹತ್ತುವ ಕಾಲುಗಳಿಗೆ ಬಲವಿರಲಿ. ಸಮುದ್ರದಲ್ಲಿ ಕರೆಯುವವರಿಗೆ ದಡದಲ್ಲಿ ಇಂಥ ಒಬ್ಬರು ಕೂತಿದ್ದಾರೆಂಬ ಧೈರ್ಯ ನಮ್ಮ ಮಕ್ಕಳ ಕಾಲಕ್ಕೂ ಉಳಿಯಲಿ.

ಪ್ರಾಂಶುಪಾಲರ ಜೊತೆ ಮಾತಾದ ಮೂರನೆಯ ದಿನ, ಗುರುವಾರ, ಮಧ್ಯಾಹ್ನ ಎರಡೂವರೆ. ಕ್ಯಾಂಟೀನು ಖಾಲಿಯಾಗಿತ್ತು. ಎನಿಡ್ ಅವರು ತಟ್ಟೆಯ ಮುಂದೆ ಕೂತೇ ಇದ್ದರು.

"ಬಟಾಣಿ ಮತ್ತೆ ಬಿಟ್ಟಿದೀರಿ, ಮಿಸ್," ಎಂದರು ಜೆಸ್ಸಿ. "ಇಪ್ಪತ್ತೆರಡು ವರ್ಷದಿಂದ ನೀವು ಬಿಡ್ತಾನೇ ಇದೀರಿ, ನಾನು ಹಾಕ್ತಾನೇ ಇದೀನಿ. ನಮ್ಮಿಬ್ಬರಲ್ಲಿ ಯಾರು ಹಟಮಾರಿ ಅಂತ ಆ ಪುಸ್ತಕದಲ್ಲಿ ಬರೀತಾರಾ?"

"ಕೂತ್ಕೊ, ಜೆಸ್ಸಿ."

"ಬೀಳ್ಕೊಡುಗೆ ಭಾಷಣ ನನ್ನ ಮುಂದೆ ಒಪ್ಪಿಸ್ತೀರಾ? ಪಾತ್ರೆ ಬಿದ್ದಿವೆ ಅಲ್ಲಿ."

"ಬಿದ್ದಿರಲಿ. ನಿಮ್ಮಪ್ಪನ ವಿಷಯ."

ಜೆಸ್ಸಿ ಕೂತರು. ಎನಿಡ್ ಅವರು ವರದಿ ಒಪ್ಪಿಸುವವರಂತೆ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳಿದರು. ಗೊತ್ತಿದ್ದದ್ದನ್ನು ಗೊತ್ತು ಎಂದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಕೊಡಬೇಕಾದ ಭಾರ ಜೆಸ್ಸಿಯ ಮೇಲೆ ಬೀಳುತ್ತದೆಂದು.

ಜೆಸ್ಸಿ ಕೇಳಿದರು: "ಐದು ವರ್ಷದಿಂದ ಗೊತ್ತಿತ್ತಾ?"

"ಐದು ವರ್ಷ ಎರಡು ತಿಂಗಳು."

"ದಿನಾ ಇಲ್ಲಿ ಬಂದು ಊಟ ಮಾಡ್ತಿದ್ರಿ."

"ಹೌದು."

"ಅಮ್ಮ ಇದ್ದಾಗ ಹೇಳಬಹುದಿತ್ತು. ಅವಳು ಸಾಯೋವರೆಗೂ ಕೇಳ್ತಿದ್ಲು, ಆ ದಿನ ಯಾಕೆ ಯಾರೂ ಅವರನ್ನ ತಡೀಲಿಲ್ಲ ಅಂತ. ನಿಮ್ಮ ಮುಂದೆಯೇ ಕೇಳ್ತಿದ್ಲು."

"ಕೇಳ್ತಿದ್ರು. ಹೇಳಬಹುದಿತ್ತು. ಧೈರ್ಯ ಬರಲಿಲ್ಲ."

ಜೆಸ್ಸಿ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಕೂಡಿಸಿದರು. "ಎಷ್ಟಿತ್ತು ಅದು, ಆ ಅಕ್ಷರ? ಬಡಿದು ತೋರಿಸಿ."

ಎನಿಡ್ ಅವರು ಉಗುರಿನಿಂದ ಮೇಜಿಗೆ ಒಂದು ಸಲ ಬಡಿದರು.

"ಅಷ್ಟೇನಾ?"

"ಅಷ್ಟೇ."

"ಬರೀಲಿ," ಎಂದರು ಜೆಸ್ಸಿ, ಏಳುತ್ತ. "ಅಪ್ಪನ ಹೆಸರು ಹಾಕಿ ಬರೀಲಿ. ಅವರೊಬ್ಬರದೇ ಅಲ್ಲ, ಹನ್ನೊಂದೂ ಹಾಕ್ಲಿ. ನಿಮ್ಮ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ ಹಾಕಿದ್ರೆ ನಾನು ಸುಮ್ಮನಿರಲ್ಲ."

"ಹೇಳ್ತೀನಿ."

ಜೆಸ್ಸಿ ತಟ್ಟೆಯನ್ನು ಎತ್ತಿಕೊಂಡು ಒ‍ಳಗೆ ಹೋದರು. ನಲ್ಲಿಯ ಸದ್ದು, ಪಾತ್ರೆಗಳ ಸದ್ದು. ಎನಿಡ್ ಅವರು ತಮ್ಮ ಕೋಟು ತೊಟ್ಟು ಬಾಗಿಲವರೆಗೆ ಹೋದರು, ನಿಂತರು, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಒಳಗೆ ಹೋಗಿ ಮೊಳೆಗೆ ತೂಗುಹಾಕಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ತೆಗೆದುಕೊಂಡರು. ಜೆಸ್ಸಿ ತಿರುಗಿ ನೋಡಲಿಲ್ಲ. ತೊಳೆದ ಒಂದು ತಟ್ಟೆಯನ್ನು ಅಂಚಿನ ಮೇಲೆ ಇಟ್ಟು, ತೊಟ್ಟಿಯ ಮುಂದೆ ಒಂದು ಹೆಜ್ಜೆ ಬಲಕ್ಕೆ ಸರಿದು, ಜಾಗ ಬಿಟ್ಟು ನಿಂತರು.